ಈಗ ರಾತ್ರಿಶಾಲೆ ಬೇಕಿರುವುದು ಧಣಿಗಳಿಗೆ

ಕಲ್ಯಾಣ್ ದಾಟಿದ ಕಸಾರಾ ಲೋಕಲ್ ಮೊದಲು ನಿಲ್ಲುವುದು ಶಹಾಡ್‌ನಲ್ಲಿ. ಸ್ಟೇಷನ್ನಿನ ಆಚೆ ಉಲ್ಲಾಸನಗರದ ಕಡೆಗೆ ಸೆಂಚುರಿ ರೇಯಾನ್ ಕಾರ್ಖಾನೆ, ಅದಕ್ಕೆ ಹತ್ತಿರದಲ್ಲೇ ಬಿರ್ಲಾ ಮಂದಿರವೆಂದು ಹೆಸರಾದ ವಿಠ್ಠಲ ದೇವಸ್ಥಾನ, ಇನ್ನೊಂದು ದಿಕ್ಕಿಗೆ ಮುರಬಾಡ್ ರಸ್ತೆ. ಇಂಥ ದೊಡ್ಡ ಕಾರ್ಖಾನೆಗಳಿಗೆ ಕಾರ್ಮಿಕ ಕಾನೂನು ನೋಡಿಕೊಳ್ಳಲೆಂದೇ ಒಂದು ವಿಭಾಗ ಇರುತ್ತದೆ. ಕಲ್ಯಾಣಾಧಿಕಾರಿಯನ್ನು ನೇಮಿಸುವುದು 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಅವಕ್ಕೆ ಕಡ್ಡಾಯ. ಗೇಟಿನ ಹೊರಗೆ, ಪಾಳಿ ಮುಗಿಸಿ ಬಂದವರಿಗೆ ಚಹಾ-ಇಡ್ಲಿ ಕೊಡುವ ಹೋಟೆಲಿನ ಸಂಗತಿ ಬೇರೆ. ಅಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಗಿರಾಕಿಯ ಜಗಳ, ಭಟ್ಟರ ರಜೆ ಎಲ್ಲವೂ ಗಲ್ಲಾದ ಹಿಂದೆ ಕುಳಿತ ಒಬ್ಬರ ಮೇಲೇ. ಕಾನೂನಿನ ದೃಷ್ಟಿಯಲ್ಲಿ ಅವರೂ ಉದ್ಯೋಗದಾತರು. ಆದರೆ ಉದ್ಯೋಗದಾತರಾಗುವುದು ಹೇಗೆಂದು ಅವರಿಗೆ ಯಾರೂ ಯಾವತ್ತೂ ಹೇಳಿಕೊಟ್ಟಿಲ್ಲ.

ಠಾಣೆಯಿಂದ ಬದ್ಲಾಪುರದವರೆಗೆ, ಡೊಂಬಿವಲಿಯಿಂದ ನವಿ ಮುಂಬಯಿಯವರೆಗೆ ಇಂಥ ಧಣಿಗಳಲ್ಲಿ ನಮ್ಮವರು ತುಂಬ ಮಂದಿ. ಕಾರ್ಕಳ, ಕುಂದಾಪುರ, ಕಾಸರಗೋಡು ಕಡೆಯಿಂದ ಬಂದು ಹೋಟೆಲು, ಬಾರ್, ಕ್ಯಾಟರಿಂಗ್ ನಡೆಸುವವರು ಒಂದೆಡೆ. ವಿಜಯಪುರ, ಕಲಬುರಗಿ ಕಡೆಯಿಂದ ಕೂಲಿಗೆ ಬಂದು ಈಗ ತಾವೇ ಹತ್ತಾರು ಜನರನ್ನು ಕಟ್ಟಡದ ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಗಳು ಇನ್ನೊಂದೆಡೆ. ಇವರಲ್ಲಿ ಹೆಚ್ಚಿನವರು ನಿನ್ನೆ ಕೆಲಸಗಾರರು, ಇಂದು ಮಾಲೀಕರು. ನಡುವಿನ ಪಾಠ ಬಿಟ್ಟುಹೋಗಿದೆ.

ನಮ್ಮಲ್ಲೇ ಇರುವ ಮಾದರಿ

ಆ ಪಾಠವನ್ನು ಎಲ್ಲಿ ನಡೆಸಬೇಕೆಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಅತ್ಯಂತ ಹೆಮ್ಮೆಯ ಅಧ್ಯಾಯ ರಾತ್ರಿಶಾಲೆಗಳದು. ಮೊಗವೀರರು 1902ರಷ್ಟು ಹಿಂದೆಯೇ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು, 1927ರಲ್ಲಿ ಬಂಟರ ಸಂಘ ಹುಟ್ಟಿತು, ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಹಗಲೆಲ್ಲ ಮೋರಿಯಲ್ಲಿ ತಟ್ಟೆ ತೊಳೆದ, ಟೇಬಲ್ ಒರೆಸಿದ ಹುಡುಗರು ರಾತ್ರಿ ಕನ್ನಡ ಮಾಧ್ಯಮದ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಗುಮಾಸ್ತರಾದರು, ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಹೋಟೆಲು ಮಾಲೀಕರೂ ಆದರು. ಸರ್ಕಾರಕ್ಕೆ ಕಾಣದ ಹುಡುಗರು ಸಂಘಗಳಿಗೆ ಕಂಡರು. ಅವರ ಭಾಷೆಯಲ್ಲಿ, ಅವರಿಗೆ ಬಿಡುವಾಗುವ ಹೊತ್ತಿನಲ್ಲಿ ಪಾಠ ನಡೆಯಿತು.

ಕಾರ್ಮಿಕ ಹೋರಾಟದ ಕಡೆಯೂ ನಮ್ಮ ಕರಾವಳಿಯ ಹೆಸರುಗಳಿವೆ. ಮುಂಬಯಿ ಬಂದರಿನ ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಮಂಗಳೂರು ಕಡೆಯವರು. ಅವರ ಗರಡಿಯಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲೇ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿ, ಆಮೇಲೆ ಮುಂಬಯಿಗೆ ಬಂದವರು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿ ಈ ನಗರದ ಕಾರ್ಮಿಕ ಸಂಘರ್ಷವನ್ನು ಕನ್ನಡಕ್ಕೆ ತಂದು, 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕೆಲಸಗಾರನಿಗೆ ಅಕ್ಷರ ಕಲಿಸಿದವರೂ ನಾವೇ, ಹಕ್ಕು ಕಲಿಸಿದವರೂ ನಾವೇ. ಧಣಿಗೆ ಕರ್ತವ್ಯ ಕಲಿಸುವ ಕೆಲಸ ಮಾತ್ರ ಉಳಿದಿದೆ.

ಕಲಿಯಬೇಕಾದ್ದು ಏನು?

ಅದಕ್ಕೆ ಇದಕ್ಕಿಂತ ಸೂಕ್ತ ಸಮಯವೂ ಇಲ್ಲ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯ ಎಂಬ ಈ ನಾಲ್ಕರಲ್ಲಿ 29 ಹಳೆಯ ಕಾನೂನುಗಳು ಸೇರಿಹೋದವು. ಆದರೆ ಎಲ್ಲವೂ ಸೇರಲಿಲ್ಲ. ಅಂಗಡಿ-ಹೋಟೆಲುಗಳ ದಿನನಿತ್ಯದ ಸಮಯ, ರಜೆಗಳನ್ನು ನಿರ್ಧರಿಸುವ ಮಹಾರಾಷ್ಟ್ರ ಮಳಿಗೆ ಮತ್ತು ಸಂಸ್ಥೆಗಳ ಕಾಯಿದೆ, 2017 ರಾಜ್ಯದ್ದು; ಅದು ತನ್ನ ಪಾಡಿಗೆ ನಿಂತಿದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯೂ, ಬಾಲಕಾರ್ಮಿಕ ನಿಷೇಧ ಕಾಯಿದೆಯೂ ಸಂಹಿತೆಗಳ ಹೊರಗೇ ಇವೆ. ಹೀಗಾಗಿ ಶಹಾಡ್‌ನ ಧಣಿ ಏಕಕಾಲಕ್ಕೆ ಕೇಂದ್ರದ ಹೊಸ ಪುಸ್ತಕವನ್ನೂ ರಾಜ್ಯದ ಹಳೆಯ ಪುಸ್ತಕವನ್ನೂ ಓದಬೇಕು. ಎರಡೂ ಅವರ ಮನೆಮಾತಿನಲ್ಲಿಲ್ಲ.

ಎಲ್ಲಕ್ಕಿಂತ ವ್ಯಾಪಕವಾದ ತಪ್ಪು ತಿಳಿವಳಿಕೆಯಿಂದಲೇ ಶುರುಮಾಡೋಣ. ‘ನಮ್ಮಲ್ಲಿ ಹತ್ತು ಜನ ಇಲ್ಲ, ನಮಗೆ ಕಾನೂನು ಬರುವುದಿಲ್ಲ’ ಎಂಬ ಮಾತು ಹೋಟೆಲು ವಲಯದಲ್ಲಿ ಆಗಾಗ ಕೇಳುತ್ತದೆ. ಇದು ಅರ್ಧ ಮಾತ್ರ ನಿಜ. 2017ರ ಕಾಯಿದೆಯಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ನೋಂದಣಿ ಬೇಕಿರಲಿಲ್ಲ, ಆನ್‌ಲೈನ್ ಮಾಹಿತಿ ಕೊಟ್ಟರೆ ಸಾಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಮಿತಿಯನ್ನು ಇಪ್ಪತ್ತಕ್ಕೆ ಏರಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಆದರೆ ಕನಿಷ್ಠ ವೇತನ, ಸಮಯಕ್ಕೆ ಸರಿಯಾದ ಸಂಬಳ, ಅಪಘಾತದ ಪರಿಹಾರ, ಬಾಲಕಾರ್ಮಿಕ ನಿಷೇಧ ಇವಕ್ಕೆ ಸಂಖ್ಯೆಯ ಮಿತಿಯೇ ಇಲ್ಲ. ಒಬ್ಬನೇ ಕ್ಲೀನರ್ ಇದ್ದರೂ ಇವೆಲ್ಲ ಅನ್ವಯಿಸುತ್ತವೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಮತ್ತು ಗ್ರಾಚ್ಯುಟಿ ಹತ್ತು ಜನರಿಂದ, ಪಿ.ಎಫ್. (ಭವಿಷ್ಯ ನಿಧಿ) ಮತ್ತು ಬೋನಸ್ ಇಪ್ಪತ್ತು ಜನರಿಂದ. ಈ ಮೂರು ಮೆಟ್ಟಿಲನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಹಿಂದೆ ಅಂಟಿಸಿಕೊಂಡರೂ ಅರ್ಧ ಗೊಂದಲ ಕಳೆಯುತ್ತದೆ.

ಕನಿಷ್ಠ ವೇತನವನ್ನೇ ನೋಡಿ. ಮಹಾರಾಷ್ಟ್ರದಲ್ಲಿ ಹೋಟೆಲು ಉದ್ಯಮಕ್ಕೆ ಪ್ರತ್ಯೇಕ ದರ, ಅದರ ಮೇಲೆ ಆರು ತಿಂಗಳಿಗೊಮ್ಮೆ ಪರಿಷ್ಕರಿಸುವ ವಿಶೇಷ ಭತ್ಯೆ. ಜನವರಿಯಲ್ಲಿ ಸರಿಯಾಗಿದ್ದ ಸಂಬಳ ಜುಲೈಯಲ್ಲಿ ಕಾನೂನಿಗಿಂತ ಕೆಳಗಿಳಿದಿರಬಹುದು. ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲದ ಮಾಲೀಕರೂ ಹೀಗೆ ತಿಳಿಯದೇ ತಪ್ಪಿತಸ್ಥರಾಗುತ್ತಾರೆ.

ಗಲ್ಲಾದ ಕೆಳಗಿನ ಪುಸ್ತಕ

ನಮ್ಮ ಹೋಟೆಲುಗಳ ನಿಜವಾದ ಕಾರ್ಮಿಕ ದಾಖಲೆ ಗಲ್ಲಾದ ಕೆಳಗಿನ ಖಾನೆಯಲ್ಲಿರುವ ಉದ್ದನೆಯ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹೆಸರು, ಹೆಚ್ಚೆಂದರೆ ಊರು. ಕೆಳಗೆ ತಾರೀಕು ಹಾಕಿ ಕೊಟ್ಟ ಎಡ್ವಾನ್ಸ್: ಐನೂರು, ಎರಡು ಸಾವಿರ, ಅಕ್ಕನ ಮದುವೆಗೆ ಇಪ್ಪತ್ತು ಸಾವಿರ. ನಡುನಡುವೆ ‘ಊರಿಗೆ ಹೋದ’, ‘ಬಂದ’ ಎಂಬ ಟಿಪ್ಪಣಿ. ಸಂಬಳ ಎಷ್ಟೆಂದು ಬಹುಪಾಲು ಪುಟಗಳಲ್ಲಿ ಬರೆದೇ ಇರುವುದಿಲ್ಲ; ಅದು ಇಬ್ಬರ ಬಾಯಿಮಾತಿನಲ್ಲಿದೆ. ಎಷ್ಟು ಗಂಟೆ ದುಡಿದ ಎಂಬ ಕಾಲಮ್ಮೂ ಇಲ್ಲ.

ಈ ಪುಸ್ತಕದ ಹಿಂದೆ ಒಂದು ಪ್ರಾಮಾಣಿಕ ಸಂಬಂಧವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಬ್ಯಾಂಕು ಕೊಡದ ಹೊತ್ತಿನಲ್ಲಿ ಧಣಿ ಕೊಟ್ಟಿದ್ದಾರೆ. ಆದರೆ ಜಗಳ ಬಂದ ದಿನ ಇದು ಯಾರನ್ನೂ ಕಾಪಾಡುವುದಿಲ್ಲ. ಕೆಲಸಗಾರ ತನಗೆ ಹದಿನೆಂಟು ಸಾವಿರ ಗೊತ್ತಾಗಿತ್ತು ಎನ್ನುತ್ತಾನೆ, ಮಾಲೀಕರು ಹದಿನೈದು ಎನ್ನುತ್ತಾರೆ. ಕಾಗದವಿಲ್ಲದ ಮಾಲೀಕರ ಮಾತು ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ. ದಾಖಲೆ ಇಡುವುದು ಅವರ ಹೊಣೆ.

ಹೊಸ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿರುವುದು ಇಲ್ಲಿ ದೊಡ್ಡ ಉಪಕಾರ. ಅದು ಒಂದು ಪುಟ ಮೀರಬೇಕಿಲ್ಲ. ಹೆಸರು, ಸೇರಿದ ದಿನ, ಕೆಲಸ, ಸಂಬಳ ಮತ್ತು ಅದರ ವಿಂಗಡಣೆ, ಕೆಲಸದ ವೇಳೆ, ವಾರದ ರಜೆ, ಪಿ.ಎಫ್. ಮತ್ತು ಇಎಸ್‌ಐ ಸಂಖ್ಯೆ. ಕೆಳಗೆ ಇಬ್ಬರ ಸಹಿ. ಎಡ್ವಾನ್ಸ್ ಕೊಡುವುದನ್ನೂ ಹಿಡಿಯುವುದನ್ನೂ ಕಾನೂನು ತಡೆಯುವುದಿಲ್ಲ. ಒಂದು ತಿಂಗಳ ಒಟ್ಟು ಕಡಿತ ವೇತನದ ಅರ್ಧ ಮೀರಬಾರದು ಎನ್ನುತ್ತದೆ, ಅಷ್ಟೆ. ಊಟದ ಲೆಕ್ಕಕ್ಕೂ ಮಿತಿಯಿದೆ. ಸಂಬಳದ ಬದಲಿಗೆ ವಸ್ತುರೂಪದಲ್ಲಿ ಕೊಟ್ಟದ್ದನ್ನು ವೇತನವೆಂದು ಹಿಡಿಯಬಹುದಾದದ್ದು ಒಟ್ಟು ವೇತನದ ಶೇ 15ರವರೆಗೆ ಮಾತ್ರ. ‘ಊಟ-ವಸತಿ ಕೊಡುತ್ತೇವಲ್ಲ’ ಎಂದು ಸಂಬಳವನ್ನು ಮನಸ್ಸಿಗೆ ಬಂದಷ್ಟು ಇಳಿಸುವ ಹಾಗಿಲ್ಲ.

ಕೆಲಸ ಬಿಟ್ಟವನ ಲೆಕ್ಕ ಇನ್ನೊಂದು ಮುಳ್ಳು. ಹೇಳದೆ ಹೋದವನ ಬಾಕಿಯನ್ನು ‘ಬಂದಾಗ ನೋಡೋಣ’ ಎಂದು ಇಟ್ಟುಕೊಳ್ಳುವ ರೂಢಿ ಹಳೆಯದು. ವೇತನ ಸಂಹಿತೆಯಂತೆ ರಾಜೀನಾಮೆಯಿರಲಿ ವಜಾ ಇರಲಿ, ಎರಡು ಕೆಲಸದ ದಿನಗಳಲ್ಲಿ ವೇತನದ ಲೆಕ್ಕ ಮುಗಿಯಬೇಕು. ಬಾಕಿಗಾಗಿ ಕಾಯುವುದು ಏನೆಂದು ಈ ಪ್ರದೇಶಕ್ಕೆ ಚೆನ್ನಾಗಿ ಗೊತ್ತು. ಶಹಾಡ್‌ಗೆ ಹತ್ತಿರದ ಮೋಹನೆಯಲ್ಲಿ ಎನ್‌ಆರ್‌ಸಿ ಕಾರ್ಖಾನೆ 2009ರಲ್ಲಿ ಮುಚ್ಚಿದ ಮೇಲೆ ಅದರ ಕಾರ್ಮಿಕರು ತಮ್ಮ ಹಣಕ್ಕಾಗಿ ವರ್ಷಗಟ್ಟಲೆ ಬಾಗಿಲು ಬಡಿದರು. ಸಣ್ಣ ಹೋಟೆಲಿನಲ್ಲಿ ಸಿಲುಕಿದ ಹನ್ನೆರಡು ಸಾವಿರವೂ ಆ ಕುಟುಂಬಕ್ಕೆ ಅಷ್ಟೇ ಭಾರ.

487 ರೂಪಾಯಿ 50 ಪೈಸೆ

ಕಾನೂನು ಪಾಲಿಸಿದರೆ ಹೋಟೆಲು ಉಳಿಯುವುದಿಲ್ಲ ಎಂಬ ಭಯಕ್ಕೆ ಲೆಕ್ಕದಲ್ಲೇ ಉತ್ತರ ಹುಡುಕಬೇಕು. ತಿಂಗಳಿಗೆ 15,000 ರೂಪಾಯಿ ಸಂಬಳದ, ಮೂವತ್ತು ವರ್ಷದ ಅಡುಗೆ ಸಹಾಯಕನೊಬ್ಬ ಗ್ಯಾಸ್ ಅವಘಡದಲ್ಲಿ ತೀರಿಕೊಂಡ ಎಂದಿಟ್ಟುಕೊಳ್ಳಿ. ಇಎಸ್‌ಐ ಇಲ್ಲದಿದ್ದರೆ ಪರಿಹಾರ ಮಾಲೀಕರ ಕೈಯಿಂದಲೇ ಹೋಗಬೇಕು. ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸುವುದು ಕಾನೂನಿನ ಸೂತ್ರ. ಮೂವತ್ತು ವರ್ಷಕ್ಕೆ ಗುಣಾಂಕ 207.98. ಅಂದರೆ 7,500 ಗುಣಿಸು 207.98: ಒಟ್ಟು 15,59,850 ರೂಪಾಯಿ. ಸಾಲ ಮಾಡಿ ನಡೆಸುವ ಹೋಟೆಲಿಗೆ ಒಂದೇ ಏಟಿಗೆ ಇಷ್ಟು ಹೊರುವ ಶಕ್ತಿ ಎಲ್ಲಿದೆ?

ಅದೇ ಕೆಲಸಗಾರನಿಗೆ ಇಎಸ್‌ಐ ಇದ್ದರೆ ಮಾಲೀಕರ ಪಾಲು ಶೇ 3.25, ತಿಂಗಳಿಗೆ 487 ರೂಪಾಯಿ 50 ಪೈಸೆ. ಕೆಲಸಗಾರನ ಪಾಲು ಶೇ 0.75, ಅಂದರೆ 112 ರೂಪಾಯಿ 50 ಪೈಸೆ. ಹತ್ತು ಜನರಿಗೆ ವರ್ಷಕ್ಕೆ ಮಾಲೀಕರ ಖರ್ಚು 58,500. ಪ್ರತಿಯಾಗಿ ಕೆಲಸಗಾರನಿಗೆ ಮತ್ತು ಕುಟುಂಬಕ್ಕೆ ಚಿಕಿತ್ಸೆ, ಕಾಯಿಲೆ ಬಿದ್ದರೆ ಭತ್ಯೆ, ಕೆಲಸದಲ್ಲಿ ಸಾವಾದರೆ ಅವಲಂಬಿತರಿಗೆ ಸರಾಸರಿ ವೇತನದ ಶೇ 90ರಷ್ಟು ನಿಯಮಿತ ಪಾವತಿ. ಅಪಘಾತದ ಪರಿಹಾರದ ಹೊಣೆ ಮಾಲೀಕರಿಂದ ಇಎಸ್‌ಐ ನಿಗಮಕ್ಕೆ ದಾಟುತ್ತದೆ. ಹತ್ತಕ್ಕಿಂತ ಕಡಿಮೆ ಜನರಿದ್ದರೂ ಇಬ್ಬರೂ ಒಪ್ಪಿ ಸ್ವಯಂಪ್ರೇರಿತರಾಗಿ ಸೇರಲು ಹೊಸ ಸಂಹಿತೆ ದಾರಿ ಬಿಟ್ಟಿದೆ.

ಅಪಘಾತ ಇಲ್ಲಿ ದೂರದ ಮಾತಲ್ಲ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು ಪ್ರೊಬೇಸ್ ಕಾರ್ಖಾನೆ ಸ್ಫೋಟಿಸಿತು. 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್. ಶಹಾಡ್‌ನ ರೇಯಾನ್ ಕಾರ್ಖಾನೆಯಲ್ಲೇ 2023ರ ಸೆಪ್ಟೆಂಬರ್‌ನಲ್ಲಿ ಟ್ಯಾಂಕರ್ ಸ್ಫೋಟಿಸಿ ಜನ ಸತ್ತರು. ಇಂಥ ದಿನಗಳಲ್ಲಿ ಮೊದಲು ಏಳುವ ಪ್ರಶ್ನೆ, ಸತ್ತವನ ಹೆಸರು ಯಾವ ದಾಖಲೆಯಲ್ಲಿದೆ ಎಂಬುದು.

ಪಿ.ಎಫ್. ವಿಷಯದಲ್ಲಿ ಒಂದು ಎಚ್ಚರ. ಕೆಲಸಗಾರನ ಸಂಬಳದಿಂದ ಶೇ 12 ಹಿಡಿದು ಕಟ್ಟದೇ ಉಳಿಸಿಕೊಂಡರೆ ಅದು ಬರೀ ಬಾಕಿಯಲ್ಲ, ನಂಬಿಕೆದ್ರೋಹದ ಅಪರಾಧ. ಮುಂದಿನ ತಿಂಗಳ 15ನೇ ತಾರೀಕು ಗಡುವು. ಹೋಟೆಲನ್ನು ‘ಕಂಡಕ್ಟಿಂಗ್’ಗೆ, ಅಂದರೆ ನಡೆಸಲು ಗುತ್ತಿಗೆಗೆ, ಪಡೆಯುವವರು ಇನ್ನೂ ಎಚ್ಚರದಿಂದಿರಬೇಕು. ಸಂಸ್ಥೆ ಕೈ ಬದಲಾದರೆ ಹಿಂದಿನವರ ಪಿ.ಎಫ್. ಬಾಕಿಗೆ ಹೊಸಬರೂ ಜವಾಬ್ದಾರರು. ಬಾಡಿಗೆ, ಡಿಪಾಸಿಟ್, ಲೈಸೆನ್ಸ್ ಕೇಳುವ ಹಾಗೆ ಪಿ.ಎಫ್. ಚಲನ್‌ಗಳನ್ನೂ ಕೇಳಿ ನೋಡಬೇಕು. ಲಾಗಿನ್, ಪಾಸ್‌ವರ್ಡ್ ಎರಡನ್ನೂ ಕನ್ಸಲ್ಟೆಂಟರ ಕೈಗೆ ಕೊಟ್ಟು ನಿಶ್ಚಿಂತರಾದವರು ತಿಂಗಳಿಗೊಮ್ಮೆಯಾದರೂ ಹಣ ನಿಜಕ್ಕೂ ಜಮೆಯಾಯಿತೇ ಎಂದು ತಾವೇ ನೋಡುವುದು ಕ್ಷೇಮ.

ರೂಢಿ ಮುರಿಯಬೇಕಾದಲ್ಲಿ

ಎಲ್ಲವೂ ಕಾಗದದಿಂದ ಸರಿಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಹೋಟೆಲಿನಲ್ಲಿ ಸಪ್ಲಾಯರ್ ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನ ದುಡಿದರೆ 84 ಗಂಟೆಯಾಯಿತು. ಕಾನೂನು ಒಪ್ಪುವುದು ವಾರಕ್ಕೆ 48. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ ಕೊಟ್ಟರೂ ಮೂರು ತಿಂಗಳಿಗೆ 125 ಗಂಟೆಯ ಮಿತಿಯಿತ್ತು. 2025ರ ತಿದ್ದುಪಡಿ ಅದನ್ನು 144ಕ್ಕೆ, ದಿನದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸಲು ಹೊರಟದ್ದು. ವಾರಕ್ಕೆ 36 ಗಂಟೆ ಹೆಚ್ಚು ದುಡಿಸುವುದು ಯಾವ ಲೆಕ್ಕದಲ್ಲೂ ಹಿಡಿಯುವುದಿಲ್ಲ. ಎರಡು ಪಾಳಿ ಮಾಡಲೇಬೇಕು. ಖರ್ಚು ಬರುತ್ತದೆ, ಇಡ್ಲಿಯ ಬೆಲೆ ಏರುತ್ತದೆ. ಅದನ್ನು ಒಬ್ಬೊಬ್ಬರೇ ಮಾಡಲಾಗದು. ಒಂದು ಬೀದಿಯ ಎಲ್ಲ ಹೋಟೆಲುಗಳು ಒಟ್ಟಿಗೆ ನಿರ್ಧರಿಸಿದರೆ ಆಗುತ್ತದೆ. ಸಂಘಟನೆಯ ಅಗತ್ಯ ಇಲ್ಲೇ ಇದೆ.

ವಾರದ ರಜೆಗೂ ನಮ್ಮಲ್ಲಿ ಒಂದು ಒಳದಾರಿ ಬೆಳೆದಿದೆ. ರಜೆ ತೆಗೆದುಕೊಳ್ಳದೆ ದುಡಿದು, ಕೋಲ-ನೇಮದ ಕಾಲಕ್ಕೋ ಮಳೆಗಾಲದ ಬೇಸಾಯಕ್ಕೋ ಒಂದೂವರೆ ತಿಂಗಳು ಊರಿಗೆ ಹೋಗುವುದು. ವಾರಕ್ಕೊಂದು ದಿನ ಬಿಡಲೇಬೇಕೆಂಬುದು ಕಾನೂನು. 1890ರ ಜೂನ್ 10ರಂದು ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಗೆದ್ದುಕೊಟ್ಟ ನೆಲವಿದು. ಆದರೆ ಊರಿನ ಪ್ರಯಾಣವನ್ನು ಕಾನೂನಿನೊಳಗೇ ಉಳಿಸಿಕೊಳ್ಳಬಹುದು. 2017ರ ಕಾಯಿದೆ 20 ದಿನದ ದುಡಿಮೆಗೆ ಒಂದು ದಿನ ಸಂಬಳ ಸಹಿತ ರಜೆ ಕೊಡುತ್ತದೆ, 45 ದಿನದವರೆಗೆ ಕೂಡಿಡಲು ಬಿಡುತ್ತದೆ. ಇದನ್ನು ಬಲ್ಲ ಧಣಿ ತನ್ನ ಕೆಲಸಗಾರನನ್ನು ಸಂಬಳ ಸಹಿತ ಊರಿಗೆ ಕಳಿಸಬಹುದು. ಅವನು ಮರಳಿ ಬರುವ ಭರವಸೆಯೂ ಹೆಚ್ಚುತ್ತದೆ.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ‘ಹತ್ತು ವರ್ಷಕ್ಕೇ ಊರು ಬಿಟ್ಟು ಬಂದೆ, ಕಪ್ಪು ಬಶಿ ತೊಳೆದೆ, ಇವತ್ತು ಹೋಟೆಲು ಕಟ್ಟಿದೆ’ ಎಂಬ ಕಥೆ ನಮ್ಮ ಸಮಾರಂಭಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆ ಹಿರಿಯರ ಛಲಕ್ಕೆ ಗೌರವ ಸಲ್ಲಲೇಬೇಕು. ಆದರೆ ಆ ಕಥೆ ಇವತ್ತಿನ ಹುಡುಗನನ್ನು ಮೋರಿಗೆ ನಿಲ್ಲಿಸಲು ಪರವಾನಗಿಯಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು-ಢಾಬಾಗಳಲ್ಲಿ 14ರೊಳಗಿನ ಮಕ್ಕಳ ದುಡಿಮೆ ನಿಷಿದ್ಧ. 2016ರ ತಿದ್ದುಪಡಿಯ ಬಳಿಕ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಹುಡುಗ ಯಾವ ಊರಿನವನು, ಯಾರ ನೆಂಟ ಎಂಬುದು ಮುಖ್ಯವಲ್ಲ. ವಯಸ್ಸಿನ ದಾಖಲೆ ನೋಡಿಯೇ ಸೇರಿಸಿಕೊಳ್ಳಬೇಕು.

ಹೆಂಗಸರ ವಿಷಯವೂ ಪಾಠದಲ್ಲಿ ಬರಬೇಕು. ಕ್ಯಾಟರಿಂಗ್, ಚಪಾತಿ ವಿಭಾಗ, ಸ್ವಚ್ಛತೆಯ ಕೆಲಸಗಳಲ್ಲಿ ಅವರು ಹೆಚ್ಚುತ್ತಿದ್ದಾರೆ. ಹತ್ತು ಮಂದಿ ಇದ್ದ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷೆ ಮಹಿಳೆ, ಹೊರಗಿನ ಒಬ್ಬ ಸದಸ್ಯರು ಬೇಕು. ಅದಕ್ಕಿಂತ ಕಡಿಮೆಯಿದ್ದ ಕಡೆಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಕೇಳಿದರೆ ಹೇಳುವವರಿದ್ದಾರೆ

ಕಾರ್ಮಿಕ ಇಲಾಖೆಯವರು ಬಂದರೆಂದರೆ ಗಲ್ಲಾದಲ್ಲಿ ಎದೆ ಹೊಡೆದುಕೊಳ್ಳುವ ಕಾಲ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಆದರೆ ಕಾನೂನು ಆ ಅಧಿಕಾರಿಯ ಕೆಲಸವನ್ನೇ ಬದಲಿಸಿದೆ. ಮಹಾರಾಷ್ಟ್ರದ 2017ರ ಕಾಯಿದೆಯೂ ಕೇಂದ್ರದ ಸಂಹಿತೆಗಳೂ ಮಾಲೀಕರಿಗೆ ಮತ್ತು ಕೆಲಸಗಾರರಿಗೆ ಸಲಹೆ-ಮಾಹಿತಿ ಕೊಡುವುದನ್ನು ಅವರ ಕರ್ತವ್ಯವಾಗಿಸಿವೆ. ವೇತನ ಸಂಹಿತೆಯಂತೆ, ಮೊಕದ್ದಮೆ ಹೂಡುವ ಮೊದಲು ಲಿಖಿತ ಸೂಚನೆ ಕೊಟ್ಟು ತಪ್ಪು ಸರಿಪಡಿಸಲು ಕಾಲಾವಕಾಶ ನೀಡಬೇಕು. ಅದೇ ತಪ್ಪು ಐದು ವರ್ಷದೊಳಗೆ ಮರುಕಳಿಸಿದರೆ ಆ ಅವಕಾಶ ಇಲ್ಲ. ಭವಿಷ್ಯ ನಿಧಿ ಸಂಸ್ಥೆ 2023ರ ಜನವರಿಯಿಂದ ‘ನಿಧಿ ಆಪ್ಕೆ ನಿಕಟ್’ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಯಲ್ಲಿ ತಿಂಗಳಿಗೊಮ್ಮೆ ಶಿಬಿರ ನಡೆಸುತ್ತಿದೆ. ಹೊಸ ಉದ್ಯೋಗದಾತರಿಗೆ ತಿಳಿವಳಿಕೆ ಕೊಡುವುದು ಅದರ ಒಂದು ಭಾಗ. ಪರೇಲ್‌ನಲ್ಲಿ ಲೋಖಂಡೆಯವರ ಹೆಸರಿನ ಮಹಾರಾಷ್ಟ್ರ ಕಾರ್ಮಿಕ ಅಧ್ಯಯನ ಸಂಸ್ಥೆ ಇದೆ.

ಬ್ರಿಟನ್ನಿನಲ್ಲಿ ಸರ್ಕಾರದ ಹಣದಿಂದ ನಡೆಯುವ ‘ಏಕಾಸ್’ ಎಂಬ ಸಂಸ್ಥೆ 1970ರ ದಶಕದಿಂದ ಇಬ್ಬರಿಗೂ ಸಲಹೆ ಕೊಡುವ ಈ ಕೆಲಸವನ್ನೇ ಮಾಡುತ್ತಿದೆ. ಅಂಗಡಿಯ ಮಾಲೀಕನೂ ಅಲ್ಲಿನ ಕೆಲಸಗಾರನೂ ಒಂದೇ ಸಹಾಯವಾಣಿಗೆ ಫೋನ್ ಮಾಡಿ ಉಚಿತ ಸಲಹೆ ಪಡೆಯಬಹುದು. ಪತ್ರಗಳ ಮಾದರಿ ಸಿಗುತ್ತದೆ, ಸಣ್ಣ ಉದ್ಯಮಗಳಿಗೆ ತರಬೇತಿ ಇದೆ. ಜಗಳ ಹುಟ್ಟುವ ಮೊದಲೇ ಕಲಿಸುವುದು ಎಲ್ಲರಿಗೂ ಅಗ್ಗವೆಂದು ಅಲ್ಲಿ ಒಪ್ಪಿಕೊಂಡಿದ್ದಾರೆ.

ನಮ್ಮಲ್ಲಿ ಈ ಕೊಂಡಿಯಾಗಬಲ್ಲವು ಸಂಘಗಳು. ಹೋಟೆಲು ಮಾಲೀಕರ ‘ಆಹಾರ್’ ಸಂಘಟನೆಯಿದೆ. ಬಂಟರ ಸಂಘಕ್ಕೆ ಭಿವಂಡಿ-ಬದ್ಲಾಪುರ ಪ್ರಾದೇಶಿಕ ಸಮಿತಿ, ಬಿಲ್ಲವರ ಅಸೋಸಿಯೇಶನ್‌ಗೆ ಸ್ಥಳೀಯ ಕಚೇರಿಗಳಿವೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯದಂಥ ಶಿಕ್ಷಣ ಸಂಸ್ಥೆಯನ್ನೇ ನಡೆಸುತ್ತಿದೆ. ಸಭಾಂಗಣವಿದೆ, ಜನರಿದ್ದಾರೆ, ವಕೀಲರೂ ಲೆಕ್ಕಪರಿಶೋಧಕರೂ ಸಮಾಜದೊಳಗೇ ಇದ್ದಾರೆ. ತಿಂಗಳಿಗೊಂದು ಸಂಜೆ, ಹೋಟೆಲಿಗೆ ಬಿಡುವಾಗುವ ಮೂರು ಗಂಟೆಯಿಂದ ಐದರೊಳಗೆ, ಕನ್ನಡ-ತುಳುವಿನಲ್ಲಿ ಒಂದೊಂದೇ ವಿಷಯ ತೆಗೆದುಕೊಳ್ಳಲಿ. ಮೊದಲ ತಿಂಗಳು ನೇಮಕಾತಿ ಪತ್ರ: ಬಂದವರು ತಮ್ಮ ಕೆಲಸಗಾರರ ಪತ್ರಗಳನ್ನು ಅಲ್ಲೇ ಬರೆದು ಎದ್ದುಹೋಗಲಿ. ಎರಡನೆಯದಕ್ಕೆ ಇಎಸ್‌ಐ ಅಧಿಕಾರಿಯನ್ನು ಕರೆಯಲಿ. ಮೂರನೆಯದು ರಜೆ-ಪಾಳಿ. ಜನವರಿ ಮತ್ತು ಜುಲೈಯಲ್ಲಿ ಹೊಸ ಕನಿಷ್ಠ ವೇತನದ ದರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ಕಳಿಸಲಿ. ಆ ಸಭೆಗಳಿಗೆ ಕೆಲಸಗಾರರ ಪ್ರತಿನಿಧಿಗಳನ್ನೂ ಕೂರಿಸಿಕೊಳ್ಳಲಿ. ಮಾಲೀಕರಷ್ಟೇ ಕೂತ ಕೋಣೆಯಲ್ಲಿ ತಪ್ಪಿಸಿಕೊಳ್ಳುವ ದಾರಿಗಳ ಚರ್ಚೆಯೇ ಹೆಚ್ಚಾಗುವ ಅಪಾಯವಿದೆ.

ವಾರ್ಷಿಕೋತ್ಸವಗಳಿಗೆ, ಸನ್ಮಾನಗಳಿಗೆ ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ. ಅದರ ಒಂದು ಪಾಲು ಈ ಕೆಲಸಕ್ಕೆ ಸಾಕು. ಮುಂದಿನ ಸಲ ‘ಯಶಸ್ವಿ ಉದ್ಯಮಿ’ ಎಂದು ಶಾಲು ಹೊದಿಸುವ ಮೊದಲು ಸಂಘವೊಂದು ಇಷ್ಟು ಕೇಳಲಿ: ನಿಮ್ಮಲ್ಲಿ ದುಡಿಯುವ ಎಲ್ಲರಿಗೂ ನೇಮಕಾತಿ ಪತ್ರ ಕೊಟ್ಟಿದ್ದೀರಾ? ಎಲ್ಲರ ಹೆಸರೂ ಇಎಸ್‌ಐ, ಪಿ.ಎಫ್. ದಾಖಲೆಯಲ್ಲಿದೆಯೇ? ಹೌದೆನ್ನಬಲ್ಲವರಿಗೇ ಶಾಲು ಸಲ್ಲಲಿ. ಆ ನಿಯಮವನ್ನು ಮೊದಲು ಮಾಡುವ ಸಂಘ, ನೂರು ವರ್ಷಗಳ ಹಿಂದೆ ಹೋಟೆಲು ಹುಡುಗರಿಗೆ ಬೆಂಚು ಹಾಕಿದ ಹಿರಿಯರ ಕೆಲಸವನ್ನೇ ಮುಂದುವರಿಸಿದಂತೆ.